ತಹಶ್ ಎಂಬ ಪ್ರಾಣಿಯನ್ನು ಹುಡುಕಿದ ಮಾಸ್ತರು

ಹೀಬ್ರೂ ಭಾಷೆಯ ಒಂದು ಪ್ರಾಣಿಯ ಹೆಸರಿಗಾಗಿ ನಾನು ಕೊಪ್ಪಳದಿಂದ ಆನೆಗೊಂದಿಯ ಹೊಳೆಯವರೆಗೆ ಎತ್ತಿನ ಬಂಡಿಯಲ್ಲಿ ಕೂತು ಬೆನ್ನು ಮುರಿದುಕೊಂಡವನು ಎಂದರೆ ಈಗ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬೇಡ, ನನ್ನ ಬೆನ್ನಿಗೆ ಗೊತ್ತು. ನನ್ನನ್ನು ಆ ಬಂಡಿ ಹತ್ತಿಸಿದ ಮನುಷ್ಯ ಹೋದ ತಿಂಗಳು ತೀರಿಕೊಂಡರು. ಕುಷ್ಟಗಿಯಲ್ಲಿ ಹೆಣ್ಣುಮಕ್ಕಳ ಶಾಲೆಯ ಅಕ್ಕೋರಾಗಿರುವ ಅವರ ಮಗಳು ಕಾರ್ಡು ಬರೆದಿದ್ದಳು. ಓದಿದೆ, ಕಣ್ಣಲ್ಲಿ ನೀರು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಅವರ ಜೊತೆ ಮೂರು ವರ್ಷ ಕೆಲಸ ಮಾಡಿದವನಿಗೆ ಎರಡೂ ಕೂಡಿಯೇ ಬರುತ್ತವೆ, ನಾನೇನು ಮಾಡಲಿ?

ಹೆಸರು ಬರೆಯುವುದಿಲ್ಲ. ಊರು ಅವರನ್ನು ಪಂಡಿತ ಮಾಸ್ತರು ಎನ್ನುತ್ತಿತ್ತು. ನಿಜಾಮರ ಕಾಲ. ಸರ್ಕಾರಿ ಶಾಲೆಯಲ್ಲಿ ಲೆಕ್ಕ, ಭೂಗೋಳ, ಚರಿತ್ರೆ ಎಲ್ಲವೂ ಉರ್ದುವಿನಲ್ಲಿ. ಮಕ್ಕಳಿಗೆ ಹಸಿವಾಗಿ ಕಣ್ಣು ಮುಚ್ಚುವ ಹೊತ್ತಿಗೆ ಒಂದು ತಾಸು ಕನ್ನಡ, ಅದು ಮಾಸ್ತರರ ಪಾಲು. ಆ ಒಂದು ತಾಸಿಗಾಗಿ ಅವರು ಬೆಳಗಿನಿಂದ ಸಂಜೆಯವರೆಗೆ ಮೇಲಿನವರ ಜೊತೆ ಜಗಳಾಡಿ ಕಡೆಗೆ ಕೆಲಸವನ್ನೇ ಬಿಟ್ಟು ಮನೆಯಲ್ಲಿ ಕೂತಿದ್ದರು. ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಲಿಂಗದ ಕಾಯಿ, ಹೆಗಲ ಮೇಲೆ ಮಡಿಸಿದ ಧೋತರ, ಮೂಗಿನಲ್ಲಿ ನಶ್ಯ. ನಡೆಯುವಾಗ ಮುಂದೆ ಮುಂದೆ ಹೋಗುವರು. ಏನಾದರೂ ಹೊಳೆಯಿತೋ, ನಡುರಸ್ತೆಯಲ್ಲಿ ನಿಂತುಬಿಡುವರು. ಹಿಂದಿನ ಬಂಡಿಯವನು ಬೈದರೆ ಅವನು ಬೈದ ಮಾತನ್ನೂ ಒಂದು ಚೀಟಿಯ ಮೇಲೆ ಬರೆದುಕೊಳ್ಳುವರು. ಒಳ್ಳೆಯ ಕನ್ನಡ ಅಂತೆ!

ನಾನು ಮಿಶನ್ ಶಾಲೆಯಲ್ಲಿ ಮಾಸ್ತರ. ನಮ್ಮ ಬಂಗಲೆಯಲ್ಲಿ ಹೀಬ್ರೂ ಕಲಿತ ಒಬ್ಬ ಮಿಸ್ಸಮ್ಮ ಇದ್ದರು. ನಮ್ಮ ಪವಿತ್ರ ಗ್ರಂಥದ ಹಳೆಯ ಕನ್ನಡವನ್ನು ತಿದ್ದಿ ಹೊಸದಾಗಿ ಅಚ್ಚು ಹಾಕಿಸಬೇಕೆಂದು ದೂರದ ಪಟ್ಟಣದಲ್ಲಿ ಹಿರಿಯರ ಒಂದು ಸಮಿತಿ ಕೂತಿತ್ತು. ಇಸ್ರಾಯೇಲ್ ಜನ ಮರಳುಗಾಡಿನಲ್ಲಿ ದೇವರಿಗೆ ಗುಡಾರ ಕಟ್ಟಿದ ಭಾಗ ಮಿಸ್ಸಮ್ಮನ ಪಾಲಿಗೆ ಬಂದಿತ್ತು. ಅವರು ಅರ್ಥ ಹೇಳಬೇಕು, ಪಂಡಿತ ಮಾಸ್ತರು ಕನ್ನಡ ಹೇಳಬೇಕು, ನಾನು ಶುದ್ಧಪ್ರತಿ ಬರೆಯಬೇಕು. ಕೇಳಲಿಕ್ಕೆ ಎಷ್ಟು ಸುಲಭ ನೋಡಿ!

ಗುಡಾರದ ಹಗ್ಗ ಕಟ್ಟುವುದಕ್ಕೆ ನಾನು 'ಗೂಟ' ಎಂದು ಬರೆದೆ. ಮಾಸ್ತರು ಚಶ್ಮಾ ಏರಿಸಿದರು.

"ಯಾರ ಬಾಯಾಗ ಕೇಳಿದಿ?"

"ಇದರಾಗ ಕೇಳೂದೇನ ಐತ್ರಿ? ಗೂಟ ಅಂದ್ರ ಗೂಟ."

"ಡೇರೆ ಹೊಡೆಯವ್ರು ಏನಂತಾರ? ಕುರಿ ಕಾಯವ್ರು ಏನಂತಾರ? ಕೇಳದ ಬರದ್ರ ಅದು ಕನ್ನಡ ಅಲ್ಲ ತಮ್ಮಾ, ಶಾಯಿ."

ಗಿಣಿಗೇರಿಯ ಹೊಲದಲ್ಲಿ ಕುರಿ ತರುಬಿಕೊಂಡು ಬೀಡು ಬಿಟ್ಟಿದ್ದ ಒಬ್ಬ ಕುರುಬನ ಹತ್ತಿರ ನನ್ನನ್ನು ಬಿಸಿಲಲ್ಲಿ ನಡೆಸಿಕೊಂಡು ಹೋದರು. ಕುರಿಗಳ ಸುತ್ತ ಹಾಕಿದ ಬಲೆಯ ಹಗ್ಗ ಕಟ್ಟಿದ್ದ ಕಟ್ಟಿಗೆಯನ್ನು ತೋರಿಸಿ ಇದಕ್ಕೇನಂತೀ ಎಂದು ಕೇಳಿದರು. ಅವನು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. "ಗೂಟ ಅಂತೀವ್ರಿ. ಯಾಕ್ರಿ, ನಿಮ್ಮ ಊರಾಗ ಏನಂತಾರ?" ಎಂದ.

ದಾರಿಯಲ್ಲಿ ನಾನು ಕುದಿಯುತ್ತಿದ್ದೆ. "ನಾನೂ ಗೂಟ ಅಂತನ ಬರದಿದ್ನಲ್ರಿ?" ಎಂದರೆ, "ನೀ ಬರದದ್ದು ಊಹೆ. ಇದು ಗೂಟ," ಎಂದು ನಶ್ಯ ಏರಿಸಿದರು. ಒಂದು ಗೂಟಕ್ಕೆ ಒಂದು ದಿನ. ಆ ಗುಡಾರಕ್ಕೆ ಎಷ್ಟು ಗೂಟ, ಎಷ್ಟು ಕುಣಿಕೆ, ಎಷ್ಟು ಪರದೆ ಎಂದು ಲೆಕ್ಕ ಹಾಕಿ ನಾನು ರಾತ್ರಿ ಹೆಂಡತಿಯ ಮುಂದೆ ಅಳುವುದೊಂದೇ ಬಾಕಿ.

ಹೀಗಿರುವಾಗ ತಹಶ್ ಬಂತು. ಗುಡಾರದ ಎಲ್ಲಕ್ಕಿಂತ ಮೇಲಿನ ಹೊದಿಕೆ ತಹಶ್ ಎಂಬುದರ ತೊಗಲು. ಜನ ಎದ್ದು ನಡೆಯುವಾಗ ದೇವರ ಪಾತ್ರೆಗಳನ್ನು ಸುತ್ತುವುದೂ ಅದೇ ತೊಗಲಿನಲ್ಲಿ. ತಹಶ್ ಎಂದರೆ ಯಾವ ಪ್ರಾಣಿ ಎಂದು ಯಾರಿಗೂ ಗೊತ್ತಿಲ್ಲ ಎಂದು ಮಿಸ್ಸಮ್ಮ ಮೊದಲೇ ಹೇಳಿದರು. ಬಲ್ಲವರಲ್ಲಿ ಒಬ್ಬರು ನೆಲ ತೋಡುವ ಪ್ರಾಣಿ ಅನ್ನುತ್ತಾರಂತೆ, ಒಬ್ಬರು ಕಡಲಿನದು ಅನ್ನುತ್ತಾರಂತೆ, ಆಗ ಇತ್ತು ಈಗ ಇಲ್ಲ ಅನ್ನುವವರೂ ಉಂಟಂತೆ. ಗ್ರಂಥದ ಹಳೆಯ ಕನ್ನಡ ಅನುವಾದದಲ್ಲಿ ಕಡಲ ಪ್ರಾಣಿ ಎಂದೇ ಇತ್ತು. ಅದನ್ನೇ ಇಡೋಣ ಎಂದು ನಾನು ಕೈಮುಗಿದು ಕೇಳಿಕೊಂಡೆ.

ಮಾಸ್ತರು ನಕ್ಕುಬಿಟ್ಟರು. "ಕುಡಿಯಾಕ ನೀರಿಲ್ಲಂತ ದೇವರ ಜೋಡಿ ಜಗಳಾಡಿದ ಮಂದಿ ಅವ್ರು. ಮರಳಾಗ ನಿಂತು ಕಡಲ ಪ್ರಾಣಿ ಎಲ್ಲಿ ಹಿಡದ್ರು? ಹೊಳೀದರ ಇರಬೇಕು. ನೀರುನಾಯಿ ಇರಬೇಕು. ನಡಿ, ಹೊಳಿಗೆ ಹೋಗೂಣು."

ಹೊಳೆಗೆ ಎಂದರೆ ಗಂಗಾವತಿಯ ಆಚೆ, ತುಂಗಭದ್ರೆಗೆ. ಬಂಡಿಯಲ್ಲಿ ಹೋಗಲು ಎರಡು ದಿನ, ಬರಲು ಎರಡು ದಿನ. ಆನೆಗೊಂದಿಯ ಬದಿಯ ಹನುಮನಹಳ್ಳಿಯ ಹತ್ತಿರ ಹರಿಗೋಲು ಹಾಕುವ ಒಬ್ಬ ಮುದುಕ ಸಿಕ್ಕ. ನೀರುನಾಯಿಯ ತೊಗಲಿನಿಂದ ಗುಡಾರ ಹೊದಿಸಬಹುದೇ ಎಂದು ಮಾಸ್ತರು ಕೇಳಿದರು. ಮುದುಕ ತನ್ನ ಹರಿಗೋಲನ್ನು ಬೋರಲು ಹಾಕಿ ಅದಕ್ಕೆ ಬಿಗಿದಿದ್ದ ಎಮ್ಮೆಯ ತೊಗಲಿನ ಮೇಲೆ ಕೈಯಿಂದ ಬಡಿದ.

"ನೀರು ತಡೀಬೇಕಂದ್ರ ಇದು ಬೇಕ್ರೀ ಯಪ್ಪಾ. ನೀರುನಾಯಿ ತೊಗಲು ಟೊಪ್ಪಿಗಿಗೆ ಆದೀತು. ಅದರಾಗ ಡೇರೆ ಮಾಡವ ಹುಚ್ಚ ಇರಬೇಕು."

ಆ ಮಾತಿಗೆ ನಾನು ಆ ಮುದುಕನ ಕಾಲಿಗೆ ಬೀಳುವುದೊಂದು ಬಾಕಿ. ಮಾಸ್ತರು ಮಾತ್ರ ತಿರುಗಿ ಬರುವ ದಾರಿಯುದ್ದಕ್ಕೂ ಖುಷಿಯಾಗಿದ್ದರು. ನೀರುನಾಯಿ ಅಲ್ಲ ಎಂದು ಗೊತ್ತಾಯಿತಲ್ಲ, ಅದೇ ಅವರಿಗೆ ಹಬ್ಬ.

ಅಷ್ಟರಲ್ಲಿ ಸಮಿತಿಯ ಕಾಗದ ಬಂತು. ಯುದ್ಧದ ಕಾಲ, ಅಚ್ಚಿನ ಕಾಗದ ಸಿಗುವುದೇ ಕಷ್ಟ, ಈ ತಿಂಗಳೊಳಗೆ ಪ್ರತಿ ಕಳಿಸದಿದ್ದರೆ ಹಳೆಯ ಕನ್ನಡವನ್ನೇ ಅಚ್ಚು ಹಾಕುತ್ತೇವೆ ಎಂದು ಬರೆದಿದ್ದರು. ಮಾಸ್ತರರ ಮನೆಯಲ್ಲೂ ಆಗ ಅವಸರದ ದಿನಗಳೇ. ತಾಯಿಯಿಲ್ಲದ ಒಬ್ಬಳೇ ಮಗಳು, ಹತ್ತೊಂಬತ್ತು ತುಂಬಿತ್ತು. ಅಪ್ಪನೇ ಓದು ಕಲಿಸಿದ್ದರು. ನನ್ನ ಶುದ್ಧಪ್ರತಿಯ ತಪ್ಪನ್ನು ಮಜ್ಜಿಗೆ ಕೊಡುವ ನೆಪದಲ್ಲಿ ಬಂದು ತೋರಿಸಿ ಹೋಗುವಷ್ಟು ಚುರುಕು. ಯಲಬುರ್ಗಿಯ ಒಳ್ಳೆಯ ಮನೆತನದ ಹುಡುಗನಿಗೆ ಕೊಡುವುದೆಂದು ಮಾತಾಗಿ, ಎಲೆ ಅಡಿಕೆಯ ಶಾಸ್ತ್ರ ಮುಗಿದು, ಲಗ್ನಕ್ಕೆ ಒಂದೂವರೆ ತಿಂಗಳು ಉಳಿದಿತ್ತು. ಹುಡುಗ ಕಚೇರಿಯಲ್ಲಿ ಗುಮಾಸ್ತ. ಅವಳು ಹೊಸ ಸೀರೆಗೆ ಸೆರಗಿನ ಗೊಂಡೆ ಕಟ್ಟುತ್ತ ಪಡಸಾಲೆಯ ಮೂಲೆಯಲ್ಲಿ ಕೂತಿರುತ್ತಿದ್ದಳು. ಸಂತೋಷವಾಗಿದ್ದಳು ಎಂಬುದನ್ನು ಯಾರ ಬಾಯಿಯಿಂದಲೂ ಕೇಳಬೇಕಾಗಿರಲಿಲ್ಲ.

ಒಂದು ಮಧ್ಯಾಹ್ನ ಮಾಸ್ತರು ಮಿಸ್ಸಮ್ಮನನ್ನು ಹಿಡಿದು ಕೂರಿಸಿ, ಈ ತಹಶ್ ಇನ್ನೆಲ್ಲೆಲ್ಲಿ ಬರುತ್ತದೆ ಎಂದು ಕೇಳಿದರು. ಇನ್ನೊಂದೇ ಕಡೆ ಬರುತ್ತದೆ ಎಂದರು ಅವರು. ದೇವರು ಒಬ್ಬ ಹೆಣ್ಣುಮಗಳಿಗೆ ರೇಷ್ಮೆ ಉಡಿಸಿ ಒಡವೆ ತೊಡಿಸುವ ಕಡೆ, ಅವಳ ಕಾಲಿಗೆ ಹಾಕಿಸುವ ಮೆಟ್ಟು ತಹಶ್‌ನದು.

ಮಾಸ್ತರು ದಿಗ್ಗನೆ ಎದ್ದು ನಿಂತರು. "ಮಳಿ ಬಿಸಲಿಗೆ ಗುಡಾರದ ಮ್ಯಾಲೂ ಅದ, ಸಿಂಗಾರ ಮಾಡಿಕೊಂಡಾಕಿ ಕಾಲಾಗೂ ಅದ! ಒಂದ ತೊಗಲು ಎರಡಕ್ಕೂ ಹೆಂಗ ಆಗತೈತಿ? ಇದನ್ನ ಕಡಲಾಗ ಹೊಳಿಯಾಗ ಕೇಳಿ ಫಾಯದೆ ಇಲ್ಲ. ಮೆಟ್ಟು ಹೊಲಿಯವ್ರನ್ನ ಕೇಳಬೇಕು."

ಊರ ಹೊರಗೆ ಹಳ್ಳದ ದಂಡೆಗೆ ತೊಗಲು ಹದ ಮಾಡುವವರ ಓಣಿ. ಅಲ್ಲಿಗೆ ಹೋಗಲು ನನಗೆ ಮನಸ್ಸಿರಲಿಲ್ಲ. ಕಾರಣವನ್ನು ಈಗ ಹೇಳಿಬಿಡುತ್ತೇನೆ: ನನ್ನ ಅಜ್ಜ ಇಂಥದ್ದೇ ಒಂದು ಓಣಿಯಿಂದ ಎದ್ದು ಮಿಶನ್‌ಗೆ ಬಂದವನು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಶಾಲೆಗೆ ಹೋಗುವ ನಾನು ಆ ವಾಸನೆಯ ಹತ್ತಿರ ಸುಳಿಯದಂತೆ ಇಪ್ಪತ್ತು ವರ್ಷ ಸುತ್ತು ಹಾಕಿ ನಡೆದಿದ್ದೆ. ವಿಭೂತಿ ಹಚ್ಚಿದ ಈ ಮನುಷ್ಯ ನೆಟ್ಟಗೆ ಒಳಗೆ ಹೋದರು. ಸಿಟ್ಟು ಬರದೆ ಇರುತ್ತದೆಯೇ?

ಒಬ್ಬ ಮುದುಕಿ ಗುಂಡಿಯ ಬದಿಗೆ ಕೂತು ತೊಗಟೆ ಕುಟ್ಟುತ್ತಿದ್ದಳು. ಮೊಣಕೈವರೆಗೆ ಕೈ ಕಂದು ಬಣ್ಣ ಹಿಡಿದಿತ್ತು. ಮಾಸ್ತರು ನಮ್ಮ ಕಥೆಯನ್ನೆಲ್ಲ ಹೇಳಿ, "ಯವ್ವಾ, ಅಂಥಾ ತೊಗಲು ಯಾವ ಪ್ರಾಣೀದು?" ಎಂದು ಕೇಳಿದರು. ಅವಳು ಎದ್ದು ಹೋಗಿ ತಂಬಿಗೆಯಲ್ಲಿ ನೀರು ತಂದು ಇಟ್ಟಳು.

"ಮೊದಲ ಕುಡೀರಿ. ನಮ್ಮ ಮನಿ ನೀರು ಬ್ಯಾಡ ಅನ್ನವ್ರಿಗೆ ನಮ್ಮ ಕೆಲಸದ ಮಾತು ಯಾಕ ಬೇಕ್ರಿ?"

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಮಾಸ್ತರು ಲಿಂಗದ ಕಾಯಿಯನ್ನು ಒಮ್ಮೆ ಮುಟ್ಟಿಕೊಂಡರು, ತಂಬಿಗೆ ಎತ್ತಿ ಗಟಗಟ ಕುಡಿದರು, ಇನ್ನೊಂದು ಕೊಡವ್ವಾ ಎಂದರು. ಎರಡನೆಯದನ್ನೂ ಕುಡಿದು ಮೀಸೆ ಒರೆಸಿಕೊಂಡು ಅಲ್ಲೇ ನೆಲದ ಮೇಲೆ ಕೂತರು.

ಆಗ ಮುದುಕಿ ಒಳಗಿನಿಂದ ಒಂದು ತೊಗಲು ತಂದು ಅವರ ತೊಡೆಯ ಮೇಲೆ ಹಾಸಿದಳು. ದಾಳಿಂಬೆ ಸಿಪ್ಪೆ ಕುದಿಸಿದ ನೀರಿನಲ್ಲಿ ಅದ್ದಿ ಬಣ್ಣ ಕಟ್ಟಿ, ಎಣ್ಣೆ ತಿಕ್ಕಿ ತಿಕ್ಕಿ ಮೆತ್ತಗೆ ಮಾಡಿದ್ದು. "ಇದನ್ನ ಮಳಿಯಾಗ ಒಗೀರಿ, ಏನೂ ಆಗೂದಿಲ್ಲ. ಮದಲಗಿತ್ತಿ ಮೆಟ್ಟಿಗೂ ಇದನ್ನ ಹಾಕತೀವಿ, ದೇಸಾಯರ ಕುದರಿ ಜೀನಿಗೂ ಇದನ್ನ. ತಂಗಡಿ ತೊಗಲು ಅಂತೀವಿ ನಾವು. ತಂಗಡಿ ಅಂದ್ರ ಯಾವ ಪ್ರಾಣಿ, ಹೇಳ್ರಿ ನೋಡೂಣು?"

"ಪ್ರಾಣಿ ಎಲ್ಲೈತಿ? ಅದು ಗಿಡ! ನೀ ಕುಟ್ಟಾಕತ್ತಿದ್ದು ಅದರ ತೊಗಟಿ," ಎಂದರು ಮಾಸ್ತರು.

"ಮತ್ತ? ಇದು ಆಡಿನ ತೊಗಲು. ಆದ್ರ ಆಡಿನ ತೊಗಲು ಅಂತ ಯಾರೂ ಅನ್ನೂದಿಲ್ಲ, ಹದದ ಹೆಸರು ಹೇಳತೀವಿ. ಹದಾ ಮಾಡೂದು ಗೊತ್ತಿಲ್ಲದವ್ರು ಬಂದು ಕೇಳಿದ್ರ ತಂಗಡಿ ಅನ್ನೂ ಪ್ರಾಣಿ ಅಡವ್ಯಾಗ ಹುಡಕತಾರ. ನಿಮ್ಮ ಪುಸ್ತಕದಾಗಿನದೂ ಪ್ರಾಣಿ ಅಂತ ಯಾರು ಹೇಳಿದ್ರು ನಿಮಗ?"

ಮಾಸ್ತರು ಆ ತೊಗಲಿನ ಮೇಲೆ ಕೈಯಾಡಿಸುತ್ತ ಕೂತರು. ಅವರ ಕಣ್ಣು ಒದ್ದೆಯಾಗಿದ್ದವು. ಎಷ್ಟೋ ದೇಶದ ಪಂಡಿತರು ತಲೆ ಕೆಡಿಸಿಕೊಂಡದ್ದಕ್ಕೆ ನಮ್ಮ ಕೊಪ್ಪಳದ ಮುದುಕಿ ತೊಗಟೆ ಕುಟ್ಟುತ್ತ ಉತ್ತರ ಹೇಳಿದಳು ಎಂದು ಅವರಿಗೆ ಅನಿಸಿತ್ತು. ಸುಳ್ಳೇಕೆ, ನನಗೂ ಅನಿಸಿತು. ಮಿಸ್ಸಮ್ಮ ಕೇಳಿ ಚಶ್ಮಾ ತೆಗೆದು ಒರೆಸಿದರು. "ಮಾಸ್ತರೇ, ಇದು ಆಗಬಹುದು. ಬಹಳ ಮಟ್ಟಿಗೆ ಆಗಬಹುದು. ಆದರೆ ಸಮಿತಿಯವರು ಯಾರು ಹೇಳಿದರು ಎಂದು ಕೇಳುತ್ತಾರೆ," ಎಂದರು. ಮಾಸ್ತರು ತಹಶ್ ಇದ್ದಲ್ಲಿ 'ಬಣ್ಣ ಕಟ್ಟಿ ಹದಮಾಡಿದ ತೊಗಲು' ಎಂದು ಹಾಕಿಸಿ ಬದಿಯಲ್ಲಿ ಟಿಪ್ಪಣಿ ಬರೆಸಿದರು: ಕೊಪ್ಪಳದ ಚರ್ಮ ಹದಮಾಡುವ ಇಂಥ ಅಜ್ಜಿ ಹೇಳಿದ್ದು. ಹೆಸರು ಸಮೇತ. ಅವತ್ತೇ ಪ್ರತಿ ರೈಲಿಗೆ ಹೋಯಿತು. ನಾನು ಉಸ್ಸಪ್ಪಾ ಎಂದೆ.

ನಾಲ್ಕು ದಿನಕ್ಕೆ ಯಲಬುರ್ಗಿಯಿಂದ ಬೀಗರು ಬಂದರು. ಹುಡುಗನ ತಂದೆ, ಜೊತೆಗೆ ಇಬ್ಬರು ಹಿರಿಯರು. ನಾನೂ ಅಲ್ಲೇ ಇದ್ದೆ. ಮಾಸ್ತರು ಹದ ಮಾಡುವವರ ಮನೆಯಲ್ಲಿ ನೀರು ಕುಡಿದರೆಂಬ ಸುದ್ದಿ ಅವರ ಊರಿಗೆ ಮುಟ್ಟಿತ್ತು. ಹುಡುಗನ ತಂದೆ ಕೆಟ್ಟ ಮನುಷ್ಯನೇನಲ್ಲ. ಪಾಪ, ಎಷ್ಟು ದಾರಿ ಬಿಟ್ಟುಕೊಟ್ಟ!

"ಮಾಸ್ತರ, ನಾವಂತೂ ನಂಬಿಲ್ಲ. ಮಂದಿ ಬಾಯಿ, ಏನರ ಅಂತೈತಿ. ಇಲ್ಲ ಅಂತ ಒಂದ ಮಾತು ನೀವು ಅಂದ್ರ ಸಾಕು, ನಾವು ಉಂಡು ಹೋಗತೀವಿ."

ಮಾಸ್ತರು ನಶ್ಯದ ಡಬ್ಬಿ ಹುಡುಕುತ್ತಿದ್ದರು. ಅವರು ಬಾಯಿ ತೆಗೆಯುವ ಮೊದಲು ನಾನೇ ಮುಂದೆ ಬಿದ್ದೆ. ಒಳಬಾಗಿಲಿನ ಹಿಂದೆ ಆ ಹುಡುಗಿಯ ಸೀರೆಯ ಅಂಚು ಕಾಣುತ್ತಿತ್ತು. "ಇಲ್ರಿ ಗೌಡ್ರ, ನಾ ಜೋಡಿ ಇದ್ದೆ. ಓಣಿ ಬಾಯಾಗ ನಿಂತು ಮಾತಾಡಿ ಬಂದ್ವಿ. ನೀರು ಯಾರೂ ಕುಡದಿಲ್ಲ," ಎಂದೆ. ನಾನು ಕುಡಿದಿರಲಿಲ್ಲವಲ್ಲ, ಅರ್ಧ ಖರೆಯೇ. ಹುಡುಗನ ತಂದೆ ದೊಡ್ಡ ಉಸಿರು ಬಿಟ್ಟು ಎಲೆ ಅಡಿಕೆಯ ತಾಟಿಗೆ ಕೈ ಹಾಕಿದ.

"ಈ ತಮ್ಮ ನಮ್ಮ ಮ್ಯಾಲಿನ ಪ್ರೀತಿಗೆ ಸುಳ್ಳು ಹೇಳಾಕತ್ತಾನ," ಎಂದರು ಮಾಸ್ತರು. "ನಾ ಕುಡದೀನಿ. ಎರಡು ತಂಬಿಗಿ ಕುಡದೀನಿ. ಬಿಸಲು ಭಾಳ ಇತ್ತು."

ತಾಟಿನ ಮೇಲಿನ ಕೈ ಹಿಂದೆ ಹೋಯಿತು. ಬೀಗರು ಉಣ್ಣದೆ ಎದ್ದು ಹೋದರು.

ನಾನು ಅವತ್ತು ಅವರಿಗೆ ಬಾಯಿಗೆ ಬಂದಂತೆ ಅಂದೆ. "ಬಾಯಿ ಮುಚಗೊಂಡು ಕುಂತಿದ್ರ ಏನ ಹೋಗತಿತ್ರಿ ನಿಮ್ಮ ಗಂಟು? ಮಗಳ ಬಾಳ್ವೆ ಅದು! ಪುಸ್ತಕ ನಂದು, ದೇವರು ನಂದು. ನಾನ ಸುಳ್ಳು ಹೇಳಾಕ ತಯಾರಿದ್ದೆ. ನಿಮಗ್ಯಾಕ ಬೇಕಾಗಿತ್ತು?"

"ಕನ್ನಡ ನಂದಲ್ಲೇನು?" ಎಂದರು ಮಾಸ್ತರು. ಆಮೇಲೆ ಸಣ್ಣ ದನಿಯಲ್ಲಿ, "ಆಕಿ ನೀರು ಕೊಟ್ಟು ಮಾತು ಕೊಟ್ಲು. ನೀರ ಕುಡದಿಲ್ಲ ಅಂದ್ರ ಆಕಿ ಮಾತು ಕೇಳಿಲ್ಲ ಅಂದಂಗ ಆಗತೈತಿ. ಆಕಿ ಹೆಸರು ಬರಸೀನಿ ಅದರಾಗ. ಇಲ್ಲಿ ಇಲ್ಲ ಅಂತ ಹೆಂಗ ಅನ್ಲಿ?" ಎಂದರು. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತ್ತು. ಸ್ವಲ್ಪ ಹೊತ್ತಿಗೆ ಅವಳು ನನಗೆ ಮಜ್ಜಿಗೆ ತಂದು ಕೊಟ್ಟಳು. ಕಣ್ಣು ಊದಿದ್ದವು. ಅಪ್ಪನ ಕಡೆ ನೋಡಲಿಲ್ಲ. ಆಮೇಲೆ ಎರಡು ವರ್ಷ ಸಂಬಂಧ ಕೇಳಿಕೊಂಡು ಯಾರೂ ಆ ಮನೆಗೆ ಬರಲಿಲ್ಲ. ಮಾಸ್ತರರ ಎರಡೂ ಕಣ್ಣಿಗೆ ಪೊರೆ ಬಂತು. ಗಂಜಿ ಕಾಸುವುದು, ಕೈ ಹಿಡಿದು ಹಿತ್ತಲಿಗೆ ಕರೆದೊಯ್ಯುವುದು, ಹಳೆಯ ಚೀಟಿಗಳನ್ನು ಓದಿ ಹೇಳುವುದು, ಎಲ್ಲ ಅವಳದೇ.

ಪುಸ್ತಕ ಅಚ್ಚಾಗಿ ಬಂದ ದಿನ ಮಿಸ್ಸಮ್ಮ ನನ್ನನ್ನು ಬಂಗಲೆಗೆ ಕರೆಸಿದರು. ಪುಟ ತೆರೆದು ಮೇಜಿನ ಮೇಲೆ ಇಟ್ಟಿದ್ದರು. ಗುಡಾರದ ಮೇಲೆ ಕಡಲ ಪ್ರಾಣಿಯ ತೊಗಲು. ಟಿಪ್ಪಣಿ ಇಲ್ಲ. ಅಜ್ಜಿಯ ಹೆಸರೂ ಇಲ್ಲ. "ನನಗೆ ಹೋಗಿ ಹೇಳಲು ಧೈರ್ಯವಿಲ್ಲ. ನೀವು ಹೋಗಿ," ಎಂದರು. ನನಗೆ ಎಲ್ಲಿತ್ತು ಧೈರ್ಯ? ಸಮಿತಿಯ ಮೇಲೆ ಸಿಟ್ಟು, ಮಾಸ್ತರರ ಮೇಲೆ ಸಿಟ್ಟು. ಇಷ್ಟಕ್ಕೇ ಆ ಹುಡುಗಿಯ ಲಗ್ನ ಮುರಿಯಿತಲ್ಲ ಎಂದು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಹೋದೆ.

ಮಾಸ್ತರು ಪಡಸಾಲೆಯಲ್ಲಿ ಗೋಡೆಗೆ ಆತು ಕೂತಿದ್ದರು. "ಪುಸ್ತಕ ಬಂತಂತಲ್ಲೋ! ತಂದೀಯೇನು? ಆ ಜಾಗ ತಗದು ಓದು," ಎಂದರು. ತೆರೆದೆ. ಓದದೆ ಮಗಳ ಕಡೆ ನೋಡಿದೆ. ಮಗಳು ಬಂದು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಮನಸ್ಸಿನಲ್ಲೇ ಓದಿದಳು, ಅವಳ ಬೆರಳು ಆ ಪದದ ಮೇಲೆ ನಿಂತದ್ದು ಕಂಡಿತು. ಆ ಪುಸ್ತಕವನ್ನು ಅವಳು ಅಂಗಳಕ್ಕೆ ಬಿಸಾಕಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲ.

ಅವಳು ಗಟ್ಟಿಯಾಗಿ, ಸ್ಪಷ್ಟವಾಗಿ ಓದಿದಳು. ಗುಡಾರದ ಮೇಲೆ ಬಣ್ಣ ಕಟ್ಟಿ ಹದಮಾಡಿದ ತೊಗಲಿನ ಹೊದಿಕೆ ಎಂದು, ಅಪ್ಪ ಬರೆಸಿದ ಹಾಗೆಯೇ, ಒಂದು ಅಕ್ಷರ ಆಚೀಚೆಯಾಗದಂತೆ.

"ಕಡಲು?"

"ಕಡಲು ಇಲ್ಲಪ್ಪಾ."

"ಮುದುಕಿ ಹೆಸರು?"

"ಐತಿ. ಬದಿಗೆ, ಸಣ್ಣ ಅಕ್ಷರದಾಗ ಐತಿ."

ಮಾಸ್ತರು ನಾನಿದ್ದ ಕಡೆ ಮುಖ ತಿರುಗಿಸಿದರು. "ಹೌದೇನೋ ತಮ್ಮಾ?"

ಅವಳು ನನ್ನನ್ನೇ ನೋಡುತ್ತಿದ್ದಳು. ಹೌದ್ರಿ ಎಂದೆ.

ಅವರು ಮಗಳ ಕೈ ಹುಡುಕಿ ಹಿಡಿದುಕೊಂಡರು. ಇಷ್ಟಕ್ಕೇ ಬಿಟ್ಟರೆ ಅವರು ಪಂಡಿತ ಮಾಸ್ತರು ಹೇಗಾಗುತ್ತಾರೆ? "ನಾಳಿ ಬೆಳಿಗ್ಗೆ ಎದ್ದು ಆಕಿ ಕಡೆ ಹೋಗು. ಆಕಿ ಮಾತು ಅಚ್ಚಾಗೇತಿ ಅಂತ ಓದಿ ಹೇಳಿ ಬಾ," ಎಂದರು.

ಹೋದೆ. ಏನು ಮಾಡುವುದು, ಹುಕುಂ ಆಗಿತ್ತು. ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡು ಅವಳ ಮುಂದೆ ನೆಲದ ಮೇಲೆ ಕೂತಾಗ, ಮಗಳು ಒಮ್ಮೆ, ನಾನೊಮ್ಮೆ ಹೇಳಿದ ಆ ಸುಳ್ಳನ್ನು ಮೂರನೆಯ ಸಲ ಹೇಳಲು ನನಗೆ ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಲಗ್ನ ಮುರಿದದ್ದನ್ನೂ ಹೇಳಿದೆ, ಮಗಳು ಓದಿದ್ದನ್ನೂ ಹೇಳಿದೆ.

ಮುದುಕಿ ಮೊದಲು ನಕ್ಕಳು. "ಕಡಲ ಪ್ರಾಣಿ! ಅದನ್ನ ಸುಲದವ್ರು ಯಾರಂತ?" ಎಂದಳು. ಆಮೇಲೆ ಒನಕೆಯನ್ನು ಬದಿಗೆ ಒರಗಿಸಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಮಾಸ್ತರಿಗೆ ಗೊತ್ತೈತೇನು?"

"ಇಲ್ಲ."

"ಹೇಳಬ್ಯಾಡ್ರಿ ಮತ್ತ. ಮುದುಕಿ ಕೇಳಿ ಭಾಳ ಖುಷಿ ಆದ್ಲು ಅಂತ ಹೇಳ್ರಿ."